ಮನೆಯ ಪಕ್ಕದ ತೈಲಬಾವಿ: 'ಇಲ್ಲಿ ಬೇಡ' ಎನ್ನಲು ಒಂದು ಊರು ಪಟ್ಟ ಪಾಡು

ಲಾಸ್ ಏಂಜಲೀಸ್ ಎಂದ ಕೂಡಲೇ ನಮಗೆ ನೆನಪಾಗುವುದು ಹಾಲಿವುಡ್, ಕಡಲತೀರ, ರಸ್ತೆಯ ಎರಡೂ ಬದಿಯ ಉದ್ದುದ್ದ ತಾಳೆಮರಗಳು. ಆ ನಗರದ ಮನೆಗಳ ನಡುವೆ, ಶಾಲೆಗಳ ಪಕ್ಕದಲ್ಲಿ, ಅಂಗಡಿಗಳ ಹಿಂದೆ ತೈಲಬಾವಿಗಳಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ನಗರದ ಎಲ್ಲೆಯೊಳಗೆ 26 ತೈಲ ಮತ್ತು ಅನಿಲ ಕ್ಷೇತ್ರಗಳಿವೆ. ನಡೆಯುತ್ತಿರುವ, ಕೆಲಸ ನಿಲ್ಲಿಸಿರುವ, ಮುಚ್ಚಿಹೋದ ಎಲ್ಲವನ್ನೂ ಲೆಕ್ಕ ಹಿಡಿದರೆ ಬಾವಿಗಳ ಸಂಖ್ಯೆ 5,000 ದಾಟುತ್ತದೆ.

ಈ ಬಾವಿಗಳನ್ನು ಮನೆಗಳಿಂದ ದೂರ ಇಡಬೇಕೆಂದು ಊರಿನ ಆಡಳಿತಗಳು ನಡೆಸಿದ ಪ್ರಯತ್ನಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಗೆ ನಾನು ಅದನ್ನೇ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಈ ಚರಿತ್ರೆಯ ಮುಖ್ಯ ತಿರುವುಗಳಲ್ಲಿ ಹೆಣ್ಣುಮಕ್ಕಳಿದ್ದಾರೆ, ಕೆಲವರು ಬಾವಿಯ ಪರವಾಗಿ, ಕೆಲವರು ವಿರುದ್ಧವಾಗಿ. ಎರಡು, 'ನಮ್ಮ ಮನೆಯ ಪಕ್ಕ ಏನು ಬರಬೇಕು ಎಂದು ತೀರ್ಮಾನಿಸುವವರು ಯಾರು?' ಎಂಬ ಪ್ರಶ್ನೆ ಚೆನ್ನೈಯಲ್ಲಿರುವ ನಮಗೂ ದೂರದ್ದಲ್ಲ.

ಪಿಯಾನೋ ಟೀಚರ್ ತೈಲದ ರಾಣಿಯಾದದ್ದು

1892ರಲ್ಲಿ ಎಡ್ವರ್ಡ್ ಡೊಹೆನಿ ಮತ್ತು ಚಾರ್ಲ್ಸ್ ಕ್ಯಾನ್‌ಫೀಲ್ಡ್ ಎಂಬ ಇಬ್ಬರು ಗಣಿ ಹುಡುಕಾಟದವರು ಲಾಸ್ ಏಂಜಲೀಸ್‌ನಲ್ಲಿ ಗುದ್ದಲಿ, ಸಲಿಕೆ ಹಿಡಿದು ನೆಲ ಅಗೆಯಲು ಶುರು ಮಾಡಿದರು. ಕೈಯಲ್ಲಿ ಅಗೆಯಲಾರದಷ್ಟು ಆಳ ಹೋದಾಗ ನೀಲಗಿರಿ ಮರದ ಕಾಂಡವನ್ನು ಚೂಪು ಮಾಡಿ ಅದರಿಂದಲೇ ಕೊರೆದರು. ಎಣ್ಣೆ ಸಿಕ್ಕಿತು. ಐದಾರು ವರ್ಷಗಳಲ್ಲಿ ಆ ಬಡಾವಣೆಯ ಹಿತ್ತಲು, ಕೈತೋಟಗಳಲ್ಲೆಲ್ಲ ನೂರಾರು ಮರದ ಗೋಪುರಗಳು ಎದ್ದವು.

ಇಷ್ಟು ಅವಸರ ಏಕೆ? ಅಮೆರಿಕದಲ್ಲಿ ನೆಲದ ಒಡೆಯನಿಗೆ ಸಾಮಾನ್ಯವಾಗಿ ನೆಲದಡಿಯ ಎಣ್ಣೆಯ ಮೇಲೂ ಹಕ್ಕಿದೆ. ಆದರೆ ಎಣ್ಣೆ ಸೈಟಿನ ಗಡಿ ನೋಡಿಕೊಂಡು ಕೂರುವುದಿಲ್ಲ. ಎಲ್ಲಿ ಒತ್ತಡ ಕಡಿಮೆಯೋ ಅಲ್ಲಿಗೆ ಹರಿಯುತ್ತದೆ. ಮೊದಲು ಮೇಲೆತ್ತಿದವರದೇ ಎಣ್ಣೆ ಎಂಬುದು ಅಂದಿನ ಕಾನೂನು. ನೀವು ಕೊರೆಸದಿದ್ದರೆ ಪಕ್ಕದ ಮನೆಯವರು ನಿಮ್ಮ ಪಾಲನ್ನೂ ಎಳೆದುಕೊಳ್ಳುತ್ತಾರೆ. ಬೆಂಗಳೂರಿನ ಬಡಾವಣೆಗಳಲ್ಲಿ ಪಕ್ಕದವರ ಬೋರ್‌ವೆಲ್ 800 ಅಡಿಗೆ ಹೋಯಿತೆಂದು ನಾವು 1,000 ಅಡಿ ಕೊರೆಸುವ ಪೈಪೋಟಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪೈಪೋಟಿಯಲ್ಲಿ ಗೆದ್ದವರಲ್ಲಿ ಎಮ್ಮಾ ಸಮರ್ಸ್ ಒಬ್ಬರು. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಸಂಗೀತ ಕಲಿತು ಲಾಸ್ ಏಂಜಲೀಸ್‌ನಲ್ಲಿ ಪಿಯಾನೋ ಪಾಠ ಹೇಳುತ್ತಿದ್ದಾಕೆ. ಕೂಡಿಟ್ಟಿದ್ದ 700 ಡಾಲರ್ ಕೊಟ್ಟು ಒಂದು ಬಾವಿಯಲ್ಲಿ ಅರ್ಧ ಪಾಲು ಕೊಂಡರು. ಸಾಲ ಏರಿತು, ಆದರೂ ಹಿಂದೆ ಸರಿಯಲಿಲ್ಲ. ಹಗಲು ಬಾವಿಗಳ ವ್ಯವಹಾರ, ಉಳಿದ ಹೊತ್ತು ಪಿಯಾನೋ ಪಾಠ. ಇಪ್ಪತ್ತನೆಯ ಶತಮಾನ ಶುರುವಾಗುವ ಹೊತ್ತಿಗೆ ನಗರದ ತೈಲ ವ್ಯಾಪಾರದ ದೊಡ್ಡ ಪಾಲು ಆಕೆಯ ಕೈಯಲ್ಲಿತ್ತು. ಪತ್ರಿಕೆಗಳು 'ಕ್ಯಾಲಿಫೋರ್ನಿಯಾದ ತೈಲ ರಾಣಿ' ಎಂದು ಕರೆದವು. ಮಹಿಳೆಗೆ ಮತದಾನದ ಹಕ್ಕೂ ಇಲ್ಲದ ಕಾಲದಲ್ಲಿ ಆಕೆ ಸಾಧಿಸಿದ್ದು ಸಣ್ಣದಲ್ಲ. ಅದೇ ಬಾವಿಗಳ ಪಕ್ಕ ಬಟ್ಟೆ ಒಣಹಾಕುತ್ತಿದ್ದ, ಮಕ್ಕಳನ್ನು ಆಡಿಸುತ್ತಿದ್ದ ಹೆಂಗಸರಿಗೆ ಸಿಕ್ಕಿದ್ದು ಮಾತ್ರ ಹೊಗೆ, ಜಿಡ್ಡು, ಯಂತ್ರದ ಸದ್ದು. ಇಬ್ಬರ ಪಾಲೂ ಈ ಚರಿತ್ರೆಯಲ್ಲಿದೆ.

ಇಟ್ಟಿಗೆ ಗೂಡಿನಿಂದ ಬಂದ ಅಧಿಕಾರ

1908ರಲ್ಲಿ ಲಾಸ್ ಏಂಜಲೀಸ್ ನಗರಸಭೆ ಒಂದು ಹೊಸ ಹೆಜ್ಜೆ ಇಟ್ಟಿತು. ಕೆಲವು ಪ್ರದೇಶಗಳನ್ನು ವಾಸದ ವಲಯ ಎಂದು ಘೋಷಿಸಿ, ಅಲ್ಲಿ ಕಾರ್ಖಾನೆಯಂಥ ಉದ್ಯಮಗಳಿಗೆ ತಡೆ ಹಾಕಿತು. ಅಮೆರಿಕದ ನಗರಗಳಲ್ಲಿ ಇಂಥ ವಲಯ ನಿಯಮ ತಂದ ಮೊದಲಿಗರಲ್ಲಿ ಲಾಸ್ ಏಂಜಲೀಸ್ ಒಂದು.

ಇದು ನ್ಯಾಯಾಲಯದ ಮೆಟ್ಟಿಲೇರಿದ್ದು ಎಣ್ಣೆಯಿಂದಲ್ಲ, ಇಟ್ಟಿಗೆಯಿಂದ. ಹ್ಯಾಡಚೆಕ್ ಎಂಬುವರು ಊರಾಚೆ ಜಮೀನು ಕೊಂಡು ಇಟ್ಟಿಗೆ ಗೂಡು ಹಾಕಿದ್ದರು. ಆಮೇಲೆ ಊರು ಬೆಳೆದು ಅವರ ಸುತ್ತ ಮನೆಗಳು ಬಂದವು. ಜಮೀನು ನಗರದ ಎಲ್ಲೆಯೊಳಗೆ ಸೇರಿತು. ನಗರಸಭೆ ಅಲ್ಲಿ ಇಟ್ಟಿಗೆ ಸುಡುವುದನ್ನು ನಿಷೇಧಿಸಿತು. ಇಟ್ಟಿಗೆಗಾದರೆ ಜಮೀನಿನ ಬೆಲೆ 8 ಲಕ್ಷ ಡಾಲರ್, ಬೇರೆ ಕೆಲಸಕ್ಕಾದರೆ 60 ಸಾವಿರವೂ ಬಾರದು ಎಂದು ಅವರು ವಾದಿಸಿದರು. ನಾನು ಮೊದಲು ಬಂದವನು, ಮನೆಗಳು ಆಮೇಲೆ ಬಂದವು ಎಂಬ ಅವರ ಅಳಲಿನಲ್ಲಿ ನ್ಯಾಯ ಇಲ್ಲ ಎನ್ನಲಾಗದು. ಆದರೂ 1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ಪರ ತೀರ್ಪು ಕೊಟ್ಟಿತು. ಜನರ ಆರೋಗ್ಯ, ನೆಮ್ಮದಿ ಕಾಯುವುದು ಊರಿನ ಆಡಳಿತದ ಅಧಿಕಾರ. ಮೊದಲೇ ಬಂದಿದ್ದೇನೆ ಎನ್ನುವುದು ಅದಕ್ಕೆ ಅಡ್ಡಿಯಾಗದು ಎಂಬುದು ಅದರ ಸಾರ.

ತೈಲಬಾವಿಗಳ ವಿಷಯದಲ್ಲೂ ಇದೇ ತರ್ಕ ಮುಂದುವರಿಯಿತು. 1953ರಲ್ಲಿ ಬೆವರ್ಲಿ ಆಯಿಲ್ ಕಂಪನಿಯ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ಹಳೆಯ ಬಾವಿಗಳು ಇದ್ದ ಕಡೆಯೂ ಹೊಸ ಬಾವಿ ಕೊರೆಯದಂತೆ, ಇದ್ದದ್ದನ್ನು ಇನ್ನಷ್ಟು ಆಳ ಮಾಡದಂತೆ ತಡೆಯುವ ಅಧಿಕಾರ ನಗರಕ್ಕಿದೆ ಎಂದಿತು. ಹಾಗಾದರೆ ಸಮಸ್ಯೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಧಿಕಾರ ಇರುವುದು ಬೇರೆ, ಅದನ್ನು ಯಾರಿಗಾಗಿ ಬಳಸುತ್ತಾರೆ ಎನ್ನುವುದು ಬೇರೆ.

ನಿಯಮ ತಪ್ಪಿಸಿಕೊಳ್ಳಲು ಹುಟ್ಟಿದ ಊರು

ಲಾಸ್ ಏಂಜಲೀಸ್‌ನ ದಕ್ಷಿಣಕ್ಕೆ ಲಾಂಗ್ ಬೀಚ್ ನಗರ. ಅದರ ನಡುವೆ ಸಿಗ್ನಲ್ ಹಿಲ್ ಎಂಬ ಗುಡ್ಡ. ಮನೆ ಕಟ್ಟಲು ಸೈಟುಗಳಾಗಿ ಹಂಚಿದ್ದ ಆ ಗುಡ್ಡದಲ್ಲಿ 1921ರ ಜೂನ್‌ನಲ್ಲಿ ಷೆಲ್ ಕಂಪನಿಯ ಬಾವಿಯಿಂದ ಎಣ್ಣೆ ಚಿಮ್ಮಿತು. ಸ್ವಲ್ಪ ದಿನದಲ್ಲೇ ಗೋಪುರಗಳು ಎಷ್ಟು ಒತ್ತಾಗಿ ನಿಂತವೆಂದರೆ ಜನ ಅದನ್ನು 'ಮುಳ್ಳುಹಂದಿ ಗುಡ್ಡ' ಎಂದರು.

ಲಾಂಗ್ ಬೀಚ್ ಈ ಗುಡ್ಡವನ್ನು ತನ್ನೊಳಗೆ ಸೇರಿಸಿಕೊಂಡರೆ ತೆರಿಗೆ ಮತ್ತು ನಿಯಮಗಳು ಬರುತ್ತವಲ್ಲ? ಅದನ್ನು ತಪ್ಪಿಸಲು 1924ರಲ್ಲಿ ಗುಡ್ಡದವರು ತಮ್ಮದೇ ಪ್ರತ್ಯೇಕ ನಗರ ಮಾಡಿಕೊಂಡರು. ಇಂದಿಗೂ ಸಿಗ್ನಲ್ ಹಿಲ್ ಸುತ್ತಲೂ ಲಾಂಗ್ ಬೀಚ್ ಇರುವ ಸಣ್ಣ ದ್ವೀಪದಂಥ ನಗರ. ಅದರ ಮೊದಲ ಮೇಯರ್ ಜೆಸ್ಸಿ ನೆಲ್ಸನ್, ಕ್ಯಾಲಿಫೋರ್ನಿಯಾದ ಮೊದಲ ಮಹಿಳಾ ಮೇಯರ್‌ಗಳಲ್ಲಿ ಒಬ್ಬರು. ಸ್ಥಳೀಯ ಆಡಳಿತ ಎಂದರೆ ಯಾವಾಗಲೂ ಬಾವಿಗೆ ಅಡ್ಡ ನಿಲ್ಲುವುದು, ಹೆಣ್ಣು ಅಧಿಕಾರದಲ್ಲಿದ್ದರೆ ಯಾವಾಗಲೂ ಮನೆಯ ಪರ ನಿಲ್ಲುವಳು ಎಂದು ಸುಲಭವಾಗಿ ತೀರ್ಮಾನ ಮಾಡುವವರು ಸಿಗ್ನಲ್ ಹಿಲ್ ಅನ್ನು ನೆನೆಯಬೇಕು.

ವೇಷ ಹಾಕಿದ ಬಾವಿಗಳು

ಎರಡನೇ ಮಹಾಯುದ್ಧದ ನಂತರ ಬಾವಿಯನ್ನು ಓರೆಯಾಗಿ ಕೊರೆಯುವ ತಂತ್ರ ಪಳಗಿತು. ಒಂದೇ ನಿವೇಶನದಲ್ಲಿ ನಿಂತು ಹತ್ತಾರು ಬಾವಿಗಳನ್ನು ಬೇರೆ ಬೇರೆ ದಿಕ್ಕಿಗೆ, ಬೇರೆಯವರ ಮನೆಗಳ ಅಡಿಯವರೆಗೂ ಕೊರೆಯಬಹುದು. ಆದ್ದರಿಂದ ಊರಿನ ತುಂಬ ಗೋಪುರ ಬೇಕಾಗಿಲ್ಲ. ಕೆಲವೇ ಕೇಂದ್ರಗಳು ಸಾಕು. ಅವನ್ನು ಮರೆಮಾಡಿದರೆ ಜನರ ದೂರೂ ಇಲ್ಲ.

ಶ್ರೀಮಂತರ ಬಡಾವಣೆಗಳ ಕಡೆ ಮರೆಮಾಡುವ ಕೆಲಸ ಬಹಳ ಚೆನ್ನಾಗಿ ನಡೆಯಿತು. ಪೀಕೋ ಬುಲೆವಾರ್ಡ್ ರಸ್ತೆಯಲ್ಲಿ 1960ರ ದಶಕದಲ್ಲಿ ಕಟ್ಟಿದ ಕಾರ್ಡಿಫ್ ಟವರ್ ನೋಡಿದರೆ ಯಹೂದಿಗಳ ಪ್ರಾರ್ಥನಾ ಮಂದಿರವೇ ಅನಿಸುತ್ತದೆ. ಒಳಗೆ ಇರುವುದು ತೈಲಬಾವಿಗಳು. ಲಾಂಗ್ ಬೀಚ್ ಎದುರು ಸಮುದ್ರದಲ್ಲಿ ನಾಲ್ಕು ಕೃತಕ ದ್ವೀಪಗಳನ್ನೇ ಕಟ್ಟಿ, ತಾಳೆಮರ, ಜಲಪಾತ ಇಟ್ಟು ಅಲ್ಲಿಂದ ಎಣ್ಣೆ ತೆಗೆದರು. ಬೆವರ್ಲಿ ಹಿಲ್ಸ್ ಪ್ರೌಢಶಾಲೆಯ ಆವರಣದಲ್ಲಿ ಬಾವಿಯ ಗೋಪುರಕ್ಕೆ ಹೊದಿಸಿದ ಹೊದಿಕೆಯ ಮೇಲೆ ಆಸ್ಪತ್ರೆಯಲ್ಲಿದ್ದ ಮಕ್ಕಳು ಹೂಗಳ ಚಿತ್ರ ಬಿಡಿಸಿದ್ದರು. ಅದಕ್ಕೆ 'ಭರವಸೆಯ ಗೋಪುರ' ಎಂದು ಹೆಸರು. ಅದನ್ನು ನಡೆಸುತ್ತಿದ್ದ ಕಂಪನಿ 2017ರಲ್ಲಿ ದಿವಾಳಿಯಾದಾಗ ಬಾವಿಗಳನ್ನು ಮುಚ್ಚುವ ಹೊರೆಯೂ ಊರಿನ ಮೇಲೆ ಬಿತ್ತು.

ದಕ್ಷಿಣ ಲಾಸ್ ಏಂಜಲೀಸ್‌ನ ಬಡ ಬಡಾವಣೆಗಳಲ್ಲಿ ಇಂಥ ಅಲಂಕಾರವೂ ಇರಲಿಲ್ಲ. ಒಂದು ಕಾಂಪೌಂಡ್ ಗೋಡೆ, ಅದರಾಚೆ ಬಾವಿ. ಈಚೆ ಬಾಡಿಗೆ ಮನೆಗಳು.

ಮೂಗಿನಿಂದ ರಕ್ತ ಬಂದ ಹುಡುಗಿ

ಅಂಥದೊಂದು ಬಾಡಿಗೆ ಮನೆಯಲ್ಲಿ, ಯೂನಿವರ್ಸಿಟಿ ಪಾರ್ಕ್ ಬಡಾವಣೆಯಲ್ಲಿ ಬೆಳೆದವಳು ನಾಲೆಲಿ ಕೋಬೊ. ಮನೆಯಿಂದ ಸುಮಾರು 30 ಅಡಿ ದೂರದಲ್ಲಿ, ರಸ್ತೆಯ ಆಚೆ, ಅಲೆನ್‌ಕೊ ಕಂಪನಿಯ ತೈಲಬಾವಿಗಳಿದ್ದವು. ಆ ನೆಲ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ ಸೇರಿದ್ದು. 2010ರ ಸುಮಾರಿಗೆ, ಅವಳಿಗೆ ಒಂಬತ್ತು ವರ್ಷವಾದಾಗ, ತಲೆನೋವು, ಉಬ್ಬಸ, ಮೂಗಿನಿಂದ ರಕ್ತ ಶುರುವಾಯಿತು. ನೆರೆಹೊರೆಯವರಿಗೂ ಹೀಗೇ ಆಗುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಿಟಕಿ ಮುಚ್ಚುತ್ತಿದ್ದರು. ಆ ವಾಸನೆಯನ್ನು ಮರೆಸಲು ಕೆಲವೊಮ್ಮೆ ಹಣ್ಣಿನಂಥ ಸುವಾಸನೆಯೂ ತೇಲಿ ಬರುತ್ತಿತ್ತು.

ನಾಲೆಲಿಯ ತಾಯಿ ಮತ್ತು ಅಕ್ಕಪಕ್ಕದ ಮನೆಗಳ ತಾಯಂದಿರು ಮನೆಮನೆಗೆ ಹೋಗಿ ಮಾತಾಡಿದರು. ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವ ವಲಸಿಗರು. ವಾಯು ಮಾಲಿನ್ಯ ಇಲಾಖೆಗೆ ನೂರಾರು ದೂರುಗಳು ಹೋದವು. ಸಭೆಗಳಲ್ಲಿ ಆ ಪುಟ್ಟ ಹುಡುಗಿಯೇ ಎದ್ದು ನಿಂತು ಮಾತಾಡಿದಳು. 2013ರ ಕೊನೆಗೆ ಕೇಂದ್ರ ಸರ್ಕಾರದ ಪರಿಸರ ಸಂಸ್ಥೆಯ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದರು. ಸ್ವಲ್ಪ ಹೊತ್ತು ಅಲ್ಲಿ ನಿಂತದ್ದಕ್ಕೇ ಅವರಿಗೂ ಗಂಟಲು ಕೆರೆದು ತಲೆನೋವು ಬಂತು. ಜನ ಮೂರು ವರ್ಷ ಹೇಳಿದ್ದನ್ನು ಅಧಿಕಾರಿಗಳ ಗಂಟಲು ಒಂದು ಭೇಟಿಯಲ್ಲಿ ಸಾಬೀತು ಮಾಡಿತು. ಆ ನವೆಂಬರಿನಲ್ಲೇ ಕೆಲಸ ನಿಂತಿತು. 2020ರಲ್ಲಿ ಶಾಶ್ವತವಾಗಿ ಮುಚ್ಚುವ ಆದೇಶವಾಯಿತು.

ಆ ಹೊತ್ತಿಗೆ, 19ನೇ ವಯಸ್ಸಿನಲ್ಲಿ, ನಾಲೆಲಿಗೆ ಕ್ಯಾನ್ಸರ್ ಪತ್ತೆಯಾಗಿತ್ತು. ಅದು ಬಾವಿಯಿಂದಲೇ ಬಂತೆಂದು ಯಾವ ವೈದ್ಯರೂ ಖಚಿತವಾಗಿ ಹೇಳಿಲ್ಲ, ನಾವೂ ಹೇಳಬಾರದು. ಆದರೆ ಇಂಥ ಬಾವಿಗಳ ಸುತ್ತ ವಾಸಿಸುವವರ ಶ್ವಾಸಕೋಶದ ಸಾಮರ್ಥ್ಯ ಕಡಿಮೆ ಇರುವುದನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದರು. ನಾಲೆಲಿ ಚಿಕಿತ್ಸೆ ಪಡೆದು ಗುಣವಾದಳು. 2022ರಲ್ಲಿ ಪರಿಸರ ಹೋರಾಟಗಾರರಿಗೆ ಕೊಡುವ ಗೋಲ್ಡ್‌ಮನ್ ಪ್ರಶಸ್ತಿ ಅವಳಿಗೆ ಸಂದಿತು.

12–0, ಆಮೇಲೆ ಸೊನ್ನೆ

ಒಂದು ಬಾವಿ ಮುಚ್ಚಿದರೆ ಸಾಲದು ಎಂದು ಬಡಾವಣೆಗಳ ಜನ 'ಸ್ಟ್ಯಾಂಡ್ ಎಲ್.ಎ.' ಎಂಬ ಒಕ್ಕೂಟದಲ್ಲಿ ಸೇರಿದರು. 2021ರಲ್ಲಿ ಪಕ್ಕದ ಕಲ್ವರ್ ಸಿಟಿ ತನ್ನ ಎಲ್ಲೆಯೊಳಗಿನ ಬಾವಿಗಳನ್ನು ಐದು ವರ್ಷದಲ್ಲಿ ಮುಗಿಸಲು ಕಾಯ್ದೆ ಮಾಡಿತು. 2022ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ನಗರಸಭೆ 12–0 ಮತಗಳಿಂದ ಹೊಸ ಬಾವಿಗಳನ್ನು ನಿಷೇಧಿಸಿ, ಹಳೆಯವನ್ನು 20 ವರ್ಷದೊಳಗೆ ಮುಚ್ಚಬೇಕೆಂದು ತೀರ್ಮಾನಿಸಿತು. 2023ರ ಜನವರಿಯಲ್ಲಿ ಕೌಂಟಿ ಆಡಳಿತವೂ ಅದೇ ದಾರಿ ಹಿಡಿಯಿತು.

20 ವರ್ಷ ಏಕೆ? ಹಾಕಿದ ಬಂಡವಾಳ ವಾಪಸು ಪಡೆಯಲು ಕಂಪನಿಗೆ ನ್ಯಾಯವಾದ ಅವಧಿ ಕೊಟ್ಟರೆ ಪರಿಹಾರದ ಹಣ ಕೊಡದೆ ಹಳೆಯ ಉದ್ಯಮವನ್ನು ನಿಲ್ಲಿಸಬಹುದೆಂಬುದು ಅಲ್ಲಿನ ವಲಯ ಕಾನೂನಿನ ಪದ್ಧತಿ. ನಮ್ಮ ಐಟಿ ಕೆಲಸದಲ್ಲಿ ಹಳೆಯ ಸಾಫ್ಟ್‌ವೇರ್ ನಿಲ್ಲಿಸುವಾಗ ಕೊನೆಯ ದಿನಾಂಕವನ್ನು ಬಹಳ ಮೊದಲೇ ಘೋಷಿಸುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ.

ಈ ಎಚ್ಚರಿಕೆ ಏಕೆ ಬೇಕಿತ್ತೆಂದು ತಿಳಿಯಲು ಹತ್ತಿರದ ಹರ್ಮೋಸಾ ಬೀಚ್ ಎಂಬ ಸಣ್ಣ ಊರನ್ನು ನೋಡಬೇಕು. ಅಲ್ಲಿನ ಜನ 1932ರಲ್ಲೇ ಮತ ಹಾಕಿ ಬಾವಿ ನಿಷೇಧಿಸಿದ್ದರು. 1984ರಲ್ಲಿ ಆದಾಯದ ಆಸೆಗೆ ವಿನಾಯಿತಿ ಕೊಟ್ಟರು. ಕಂಪನಿಯೊಂದಿಗೆ ಒಪ್ಪಂದವೂ ಆಯಿತು. 1995ರಲ್ಲಿ ಮನಸ್ಸು ಬದಲಿಸಿ ಮತ್ತೆ ನಿಷೇಧಿಸಿದರು. ಕಂಪನಿ ಕೋರ್ಟಿಗೆ ಹೋಯಿತು. ವರ್ಷಗಟ್ಟಲೆ ವ್ಯಾಜ್ಯ ನಡೆದು ಕೊನೆಗೆ 2015ರಲ್ಲಿ ಮತ್ತೆ ಮತದಾನ. ಹತ್ತರಲ್ಲಿ ಸುಮಾರು ಎಂಟು ಮಂದಿ 'ಬೇಡ' ಎಂದರು. ಆ 'ಬೇಡ'ಕ್ಕೆ ರಾಜಿ ಒಪ್ಪಂದದ ಪ್ರಕಾರ ಊರು ತೆರಬೇಕಾದದ್ದು 1.75 ಕೋಟಿ ಡಾಲರ್.

ಲಾಸ್ ಏಂಜಲೀಸ್ ಎಷ್ಟೇ ಎಚ್ಚರ ವಹಿಸಿದರೂ ಏಟು ಬೇರೆ ಕಡೆಯಿಂದ ಬಿತ್ತು. ಮಾಂಟೆರೆ ಕೌಂಟಿಯ ಮತದಾರರು 2016ರಲ್ಲಿ ಹೊಸ ಬಾವಿಗಳಿಗೂ, ಎಣ್ಣೆಯೊಡನೆ ಬರುವ ಕೊಳಕು ನೀರನ್ನು ನೆಲಕ್ಕೆ ತುಂಬುವುದಕ್ಕೂ ನಿಷೇಧ ಹೇರಿದ್ದರು. ಷೆವ್ರಾನ್ ಮುಂತಾದವರು ದಾವೆ ಹೂಡಿದರು. 2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ಎಣ್ಣೆ ತೆಗೆಯುವ ವಿಧಾನ ಯಾವುದಿರಬೇಕೆಂದು ನಿರ್ಧರಿಸುವುದು ರಾಜ್ಯದ ಅಧಿಕಾರಿ, ಕೌಂಟಿಯಲ್ಲ ಎಂದು ಆ ನಿಷೇಧವನ್ನು ರದ್ದು ಮಾಡಿತು. ಅದೇ ಎಳೆ ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರು ಲಾಸ್ ಏಂಜಲೀಸ್‌ನ ಕಾಯ್ದೆಯೂ ಊರ್ಜಿತವಲ್ಲ ಎಂದರು. 12–0 ಮತದ ಬೆಲೆ ಒಂದು ದಿನದಲ್ಲಿ ಸೊನ್ನೆಯಾಯಿತು.

ಅದೇ ತಿಂಗಳು ರಾಜ್ಯ ಶಾಸನಸಭೆಯ ಹೊಸ ಕಾನೂನಿಗೆ ರಾಜ್ಯಪಾಲರ ಸಹಿ ಬಿತ್ತು. ತಮ್ಮ ಎಲ್ಲೆಯೊಳಗೆ ತೈಲ ಕೊರೆತವನ್ನು ಮಿತಿಗೊಳಿಸುವ, ನಿಷೇಧಿಸುವ ಅಧಿಕಾರ ನಗರ ಮತ್ತು ಕೌಂಟಿಗಳಿಗೆ ಇದೆ ಎಂದು ಅದು ಸ್ಪಷ್ಟವಾಗಿ ಹೇಳಿತು. ಮನೆ, ಶಾಲೆ, ಆಸ್ಪತ್ರೆಗಳಿಂದ 3,200 ಅಡಿಯೊಳಗೆ, ಅಂದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಒಳಗೆ, ಹೊಸ ಬಾವಿ ಕೂಡದು ಎಂಬ ರಾಜ್ಯದ ಕಾನೂನು 2022ರಲ್ಲೇ ಆಗಿತ್ತು. ಕಂಪನಿಗಳು ಸಹಿ ಸಂಗ್ರಹಿಸಿ ಜನಮತಗಣನೆ ಕೇಳಿದ್ದರಿಂದ ಅದು ತಡೆಯಲ್ಲಿತ್ತು. 2024ರಲ್ಲಿ ಅವರೇ ಹಿಂದೆ ಸರಿದ ಮೇಲೆ ಜಾರಿಗೆ ಬಂತು. ನಗರಕ್ಕೆ ಅಧಿಕಾರ ಮರಳಿತು, ಆದರೆ ಕಾಯ್ದೆ ಬರೆಯುವ ಕೆಲಸ ಮತ್ತೆ ಮೊದಲಿನಿಂದ.

ಎರಡು ಊರು, ಎರಡು ಉತ್ತರ

ಇದು ಒಂದೇ ನಗರದ ಹಣೆಬರಹವಲ್ಲ. ಟೆಕ್ಸಾಸ್‌ನ ಡೆಂಟನ್ ಊರಿನಲ್ಲಿ ಮನೆಗಳ ಪಕ್ಕದಲ್ಲೇ ಅನಿಲ ಬಾವಿಗಳಿದ್ದವು. ಅಲ್ಲಿ ಒಬ್ಬ ನರ್ಸ್ ಮುಂದಾಳತ್ವದಲ್ಲಿ ಜನ ಸಂಘಟಿತರಾದರು. 2014ರ ನವೆಂಬರ್‌ನಲ್ಲಿ ಸುಮಾರು ಶೇ. 59 ಮತದಾರರು ಫ್ರ್ಯಾಕಿಂಗ್, ಅಂದರೆ ಒತ್ತಡದ ನೀರಿನಿಂದ ಬಂಡೆ ಸೀಳಿ ಅನಿಲ ತೆಗೆಯುವುದನ್ನು, ಊರಿನಲ್ಲಿ ನಿಷೇಧಿಸಿದರು. ಮರುದಿನವೇ ದಾವೆಗಳು ಬಿದ್ದವು. 2015ರ ಮೇ ತಿಂಗಳಲ್ಲಿ ಟೆಕ್ಸಾಸ್ ರಾಜ್ಯ ಇಂಥ ನಿಷೇಧದ ಅಧಿಕಾರವನ್ನೇ ನಗರಗಳಿಂದ ಕಿತ್ತುಕೊಳ್ಳುವ ಕಾನೂನು ಮಾಡಿತು. ಸದ್ದು, ದೀಪ, ಲಾರಿ ಓಡಾಟದಂಥ ಮೇಲ್ಮೈ ಸಂಗತಿಗಳಷ್ಟೇ ಊರಿಗೆ ಉಳಿದವು. ಜೂನ್‌ನಲ್ಲಿ ಡೆಂಟನ್ ನಗರಸಭೆ ತನ್ನ ನಿಷೇಧವನ್ನು ತಾನೇ ಹಿಂತೆಗೆದುಕೊಂಡಿತು.

ನ್ಯೂಯಾರ್ಕ್ ರಾಜ್ಯದ ಡ್ರೈಡನ್ ಎಂಬ ಗ್ರಾಮೀಣ ಊರು 2011ರಲ್ಲಿ ಬೇರೆ ಜಾಣ್ಮೆ ತೋರಿತು. ಎಣ್ಣೆ, ಅನಿಲವನ್ನು 'ಹೇಗೆ' ತೆಗೆಯಬೇಕು ಎಂಬ ಗೋಜಿಗೆ ಅದು ಹೋಗಲಿಲ್ಲ. ನಮ್ಮ ನೆಲದಲ್ಲಿ ಯಾವ ಕೆಲಸ 'ಎಲ್ಲಿ' ನಡೆಯಬಹುದು ಎಂದು ನಾವು ಹೇಳುತ್ತೇವೆ ಎಂದಿತು. ಈ ಕಾನೂನು ಎಳೆಯನ್ನು ಹುಡುಕಿ ಊರೂರಿಗೆ ಉಚಿತವಾಗಿ ತಿಳಿಸಿದವರು ಹೆಲೆನ್ ಸ್ಲಾಟ್ಜೆ ಎಂಬ ವಕೀಲೆ. 2014ರ ಜೂನ್‌ನಲ್ಲಿ ರಾಜ್ಯದ ಉಚ್ಚ ನ್ಯಾಯಪೀಠ 5–2ರಿಂದ ಡ್ರೈಡನ್ ಪರ ತೀರ್ಪು ಕೊಟ್ಟಿತು. ಅದೇ ವರ್ಷ, ಅದೇ ದೇಶ. ಒಂದು ಊರಿನ ಮಾತು ನಿಂತಿತು, ಇನ್ನೊಂದರದು ಬಿತ್ತು. ಮೇಲಿರುವ ರಾಜ್ಯ ಅವಕಾಶ ಕೊಡುವಷ್ಟೇ ಊರಿಗೆ ಬಲ.

ಕಾವೇರಿಯ ಕೆಳದಂಡೆಯಲ್ಲಿ

ನಮ್ಮ ದೇಶದಲ್ಲಿ ನೆಲದಡಿಯ ಎಣ್ಣೆ ಮನೆಯೊಡೆಯನದ್ದಲ್ಲ, ಸರ್ಕಾರದ್ದು. ಸಂವಿಧಾನದ ಕೇಂದ್ರ ಪಟ್ಟಿಯ 53ನೇ ನಮೂದಿನ ಪ್ರಕಾರ ತೈಲಕ್ಷೇತ್ರಗಳ ನಿಯಂತ್ರಣ ಕೇಂದ್ರಕ್ಕೆ ಸೇರಿದ್ದು. ಆದ್ದರಿಂದ ನಮ್ಮಲ್ಲಿ ಎಮ್ಮಾ ಸಮರ್ಸ್ ಹುಟ್ಟುವುದಿಲ್ಲ. ಬಾವಿಯ ಪಕ್ಕದವರಿಗೆ ರಾಯಲ್ಟಿಯ ಆಸೆಯೂ ಇಲ್ಲ, ಕೇಳಿಸುವ ದನಿಯೂ ಕಡಿಮೆ.

ಆದರೂ ದನಿ ಎದ್ದದ್ದಿದೆ, ಅದೂ ನಾವಿರುವ ತಮಿಳುನಾಡಿನಲ್ಲೇ. ಕೊಡಗಿನಲ್ಲಿ ಹುಟ್ಟಿದ ಕಾವೇರಿ ಕಡಲು ಸೇರುವ ಬಯಲಿನಲ್ಲಿ ಒಎನ್‌ಜಿಸಿ ದಶಕಗಳಿಂದ ಎಣ್ಣೆ, ಅನಿಲ ತೆಗೆಯುತ್ತಿದೆ. 2017ರ ಫೆಬ್ರವರಿಯಲ್ಲಿ ಪುದುಕೋಟೆ ಜಿಲ್ಲೆಯ ನೆಡುವಾಸಲ್ ಗ್ರಾಮಸ್ಥರು ಹೈಡ್ರೋಕಾರ್ಬನ್ ಯೋಜನೆಯ ವಿರುದ್ಧ ಧರಣಿ ಕೂತರು. ಗುತ್ತಿಗೆ ಸಿಕ್ಕಿದ್ದು ಕರ್ನಾಟಕದ ಒಂದು ಕಂಪನಿಗೆ. ಅದೇ ಜೂನ್ 30ರಂದು ತಂಜಾವೂರು ಜಿಲ್ಲೆಯ ಕದಿರಾಮಂಗಲದಲ್ಲಿ ಕೊಳವೆ ಸೋರಿ ಹೊಲಕ್ಕೆ ಎಣ್ಣೆ ಹರಿಯಿತು. ಎರಡೂ ಕಡೆ ಹೆಂಗಸರು ಮುಂದಿನ ಸಾಲಿನಲ್ಲಿದ್ದರು. ಬಯಲಿನ ಹಲವು ಗ್ರಾಮಸಭೆಗಳು ಇಂಥ ಯೋಜನೆ ಬೇಡವೆಂದು ನಿರ್ಣಯ ಮಾಡಿದವು. ಕಾನೂನಿನ ಲೆಕ್ಕದಲ್ಲಿ ಆ ನಿರ್ಣಯಗಳು ಕೇಂದ್ರದ ಗುತ್ತಿಗೆಯನ್ನು ತಡೆಯಲಾರವು. ಆದರೆ 2020ರ ಫೆಬ್ರವರಿಯಲ್ಲಿ ತಮಿಳುನಾಡು ಶಾಸನಸಭೆ ಕಾವೇರಿ ಬಯಲನ್ನು ಸಂರಕ್ಷಿತ ಕೃಷಿ ವಲಯವೆಂದು ಕಾನೂನು ಮಾಡಿ ಹೊಸ ತೈಲ, ಅನಿಲ ಕೊರೆತಕ್ಕೆ ಬಾಗಿಲು ಹಾಕಿತು. ಹಳೆಯ ಬಾವಿಗಳು ಹಾಗೇ ಉಳಿದವು. ಗ್ರಾಮಸಭೆಯ ಕಾಗದಕ್ಕೆ ಬಲವಿಲ್ಲದಿದ್ದರೂ ಅಂಥ ಕಾಗದಗಳು ಕೂಡಿಕೂಡಿ ಮೇಲಿನವರನ್ನು ಅಲುಗಿಸಿದವು.

ಎಣ್ಣೆ ಬೇಡ ಎನ್ನುವಷ್ಟು ದೊಡ್ಡವಳು ನಾನಲ್ಲ. ನಮ್ಮ ಅಡುಗೆಯ ಸಿಲಿಂಡರು, ಊರಿಗೆ ಹೋಗುವ ಬಸ್ಸಿನ ಡೀಸೆಲ್ಲು ಎಲ್ಲಿಂದಲೋ ಬರಲೇಬೇಕು. ಬಾವಿಗಳಲ್ಲಿ ದುಡಿಯುವ ಕುಟುಂಬಗಳೂ ಇವೆ. ಆದರೆ ಅದಕ್ಕಾಗಿ 30 ಅಡಿ ದೂರದಲ್ಲಿ ಮಲಗುವ ಮಗು ಯಾರದು ಎನ್ನುವುದನ್ನು ಆ ಮಗುವಿನ ತಾಯಿಯನ್ನು ಕೇಳದೆ ತೀರ್ಮಾನಿಸುವುದು ಸರಿಯಲ್ಲ. ಲಾಸ್ ಏಂಜಲೀಸ್‌ನ ತಾಯಂದಿರು ಮೊದಲು ಮಾಡಿದ ಕೆಲಸ ಮೊಕದ್ದಮೆಯಲ್ಲ, ಮೆರವಣಿಗೆಯಲ್ಲ. ಯಾವ ದಿನ, ಎಷ್ಟು ಗಂಟೆಗೆ, ಎಂಥ ವಾಸನೆ ಬಂತೆಂದು ಬರೆದಿಟ್ಟು ದೂರು ಕೊಟ್ಟದ್ದು. ನಮ್ಮ ಬಡಾವಣೆಯ ಪಕ್ಕ ಏನೇ ಬರಲಿ, ಕಸದ ಗುಡ್ಡವೋ, ರಾಸಾಯನಿಕ ಗೋದಾಮೋ, ಅನಿಲದ ಕೊಳವೆಯೋ, ಆ ಕೆಲಸ ನಮ್ಮಿಂದಲೂ ಆಗುತ್ತದೆ. ಒಂದು ನೋಟ್‌ಬುಕ್ಕು, ಅಕ್ಕಪಕ್ಕದ ನಾಲ್ಕು ಮನೆ, ವಾರ್ಡ್ ಸಭೆಯಲ್ಲಿ ಎದ್ದು ನಿಲ್ಲುವ ಒಬ್ಬರು. ಶುರುವಿಗೆ ಅಷ್ಟು ಸಾಕು.